ಮರಿ ಹೊತ್ತ ಬಾವಲಿಯ ತೂಕ

ಆ ಬೇಸಿಗೆಯಲ್ಲಿ ನನಗೆ ಒಪ್ಪಿಸಿದ ಕೆಲಸವನ್ನು ಒಂದೇ ಸಾಲಿನಲ್ಲಿ ಹೇಳಿಬಿಡಬಹುದಿತ್ತು: ಹಣ್ಣು ತಿನ್ನುವ ದೊಡ್ಡ ಬಾವಲಿ ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಭಾರ ಎಂದು ಅಳೆದು ತರಬೇಕು. ಪುಸ್ತಕಗಳಲ್ಲಿ ಅಂಕಿಗಳಿದ್ದವು. ಆದರೆ ಅವು ಬೇರೆ ಸೀಮೆಯವು, ಹೆಚ್ಚಿನವು ಗುಂಡು ಹೊಡೆದು ಕೆಡವಿದ ಪ್ರಾಣಿಗಳವು. ಬಯಲುಸೀಮೆಯ ತೆಂಗಿನ ತೋಟಗಳ ನಡುವೆ ಬದುಕುವ ಬಾವಲಿಗಳನ್ನು ಯಾರಾದರೂ ತೂಗಿದ್ದು ತಮಗೆ ತಿಳಿದಿಲ್ಲ ಎಂದರು ನಮ್ಮ ಪ್ರೊಫೆಸರು. ಗಂಡು ಹೆಣ್ಣು ಸೇರಿ ಅರವತ್ತಾದರೂ ಬೇಕು ಎಂದರು.

ನನ್ನದು ತಾತ್ಕಾಲಿಕ ಹುದ್ದೆ. ಈ ಕೆಲಸ ನೆಟ್ಟಗೆ ಮುಗಿದರೆ ಖಾಯಂ ಆಗುವ ಮಾತಿತ್ತು. ಮಗಳಿಗೆ ಆಗ ಹತ್ತು ತಿಂಗಳು. ಗಂಡನಿಗೆ ಬಳ್ಳಾರಿ ಕಡೆಗೆ ವರ್ಗವಾಗಿತ್ತು. ಮಗುವನ್ನು ಮೈಸೂರಿನಲ್ಲಿ ನನ್ನ ಅಮ್ಮನ ಮಡಿಲಿಗೆ ಹಾಕಿ, ಶಿವರಾತ್ರಿ ಕಳೆದ ಮೇಲೆ ಅರಸೀಕೆರೆಯಲ್ಲಿ ರೈಲು ಬದಲಿಸಿ ತಿಪಟೂರಿನಲ್ಲಿ ಇಳಿದೆ. ಒಂದು ತಿಂಗಳಲ್ಲಿ ಮುಗಿಯುತ್ತದೆ, ಹುಟ್ಟುಹಬ್ಬದ ಹೊತ್ತಿಗೆ ಮನೆಯಲ್ಲಿರುತ್ತೇನೆ ಎಂದು ಲೆಕ್ಕ ಹಾಕಿಕೊಂಡಿದ್ದೆ.

ಬಿಳಿಗೆರೆ ದಾಟಿ ಸ್ವಲ್ಪ ದೂರದಲ್ಲಿ, ಒಂದು ಕೆರೆ ಏರಿಯ ಕೆಳಗೆ, ತೆಂಗಿನ ತೋಟದ ಅಂಚಿನಲ್ಲಿ ಎರಡು ಆಲದ ಮರಗಳಿದ್ದವು. ನಡುಹಗಲಿನಲ್ಲಿ ನೋಡಿದರೆ ಎಲೆಗಿಂತ ಬಾವಲಿಯೇ ಹೆಚ್ಚು. ತೊಗಲಿನ ರೆಕ್ಕೆಯನ್ನು ಕಂಬಳಿಯಂತೆ ಸುತ್ತಿಕೊಂಡು ತಲೆಕೆಳಗಾಗಿ ತೂಗಾಡುತ್ತಿದ್ದವು. ಬಿಸಿಲೇರಿದಂತೆ ಒಂದು ರೆಕ್ಕೆ ಬಿಚ್ಚಿ ಬೀಸಣಿಗೆಯ ಹಾಗೆ ಬೀಸಿಕೊಳ್ಳುತ್ತಿದ್ದವು. ಕೆಂಗಂದು ಬಣ್ಣದ ಕುತ್ತಿಗೆ, ನರಿಯ ಮೂತಿ, ನಮ್ಮನ್ನೇ ನೋಡುತ್ತಿವೆ ಅನ್ನಿಸುವ ದೊಡ್ಡ ಕಣ್ಣು. ಕೊಂಬೆಯ ಜಾಗಕ್ಕಾಗಿ ಅವುಗಳ ಜಗಳ ಇಡೀ ಹಗಲು ನಿಲ್ಲುತ್ತಿರಲಿಲ್ಲ.

ತೋಟದ ಯಜಮಾನರು ನನ್ನನ್ನು ಮರದ ಕೆಳಗೆ ನಿಲ್ಲಿಸಿ ಮೇಲೆ ಕೈ ತೋರಿಸಿದರು. ಐವತ್ತು ದಾಟಿದ ಮನುಷ್ಯ, ಹೆಗಲ ಮೇಲೊಂದು ಟವಲ್ಲು.

“ಒಂದೊಂದೂ ಮೂರು ಕೇಜಿಗೆ ಕಮ್ಮಿ ಇಲ್ಲ ಕಣ್ರಮ್ಮ. ರೆಕ್ಕೆ ಬಿಚ್ಚಿದ್ರೆ ನಮ್ಮನೆ ಬಾಗ್ಲು ಮುಚ್ಚಿ ಹೋಯ್ತದೆ.”

“ತೂಗಿ ಹೇಳ್ತೀನಿ ಯಜಮಾನ್ರೆ.”

“ತೂಗ್ಕಳಿ. ಆದ್ರೆ ಬಿರ್‍ನೆ ತೂಗ್ಕಳಿ. ಸಪೋಟ ಒಂದೂ ಉಳ್ಸಾಕಿಲ್ಲ ಇವು. ಬಂದೂಕ್ದೋರಿಗೆ ಹೇಳ್ಮಡ್ಗಿದೀನಿ. ಯುಗಾದಿ ಆದ್ಮೇಲೆ ಬತ್ತಾರೆ. ಆಮೇಲೆ ಇಲ್ಲಿ ತೂಗಾಕೆ ಏನೂ ಇರಾಕಿಲ್ಲ.”

ಅದಕ್ಕೆ ನಾನು ಎದುರಾಡುವ ಹಾಗಿರಲಿಲ್ಲ. ಆಗಿನ ಕಾನೂನಿನಲ್ಲಿ ಹಣ್ಣಿನ ಬಾವಲಿಯನ್ನು ಕಾಗೆ ಇಲಿಗಳ ಜೊತೆ ಪೀಡೆಯ ಸಾಲಿಗೆ ಸೇರಿಸಿದ್ದರು. ಹೊಡೆದರೆ ಕೇಳುವವರಿಲ್ಲ. ತೋಟ ಅವರದು, ಮರ ಅವರದು, ನನಗೆ ಊಟ ಹಾಕಿ ಮಲಗಲು ಕೋಣೆ ಕೊಟ್ಟವರೂ ಅವರೇ. ಆ ಕೋಣೆಯ ಮೇಲಿನ ಅಟ್ಟದ ತುಂಬ ಕೊಬ್ಬರಿಗೆ ಹಾಕಿದ ತೆಂಗಿನಕಾಯಿ. ವರ್ಷ ತುಂಬುವವರೆಗೆ ಅವು ಅಲ್ಲೇ ಒಣಗಬೇಕು. ಆಗಾಗ ಯಜಮಾನರ ಹೆಂಡತಿ ಏಣಿ ಹತ್ತಿ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲುಗಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೇ ಎಂದು ಕೇಳಿ ಇಳಿಯುತ್ತಿದ್ದರು. ಅವರನ್ನು ನಾನು ಮೊದಲ ದಿನದಿಂದಲೇ ದೊಡ್ಡಮ್ಮ ಎಂದು ಕರೆದೆ.

ಹಿಡಿದ ಬಾವಲಿಯನ್ನು ಇಡಲು ಬಟ್ಟೆಯ ಚೀಲಗಳು ಬೇಕಿದ್ದವು. ಗಾಳಿ ಆಡಬೇಕು, ಉಗುರಿಗೆ ಹರಿಯಬಾರದು, ಎಲ್ಲ ಚೀಲಗಳೂ ಒಂದೇ ತೂಕ ಇರಬೇಕು. ಇಲ್ಲದಿದ್ದರೆ ಪ್ರತಿ ಸಲ ಚೀಲದ ತೂಕ ಬೇರೆ ಕಳೆಯುತ್ತ ಕೂರಬೇಕು. ತಿಪಟೂರಿನ ಪೇಟೆಯಲ್ಲಿ ಒಬ್ಬ ವಯಸ್ಸಾದ ಟೈಲರ್ ಸಾಹೇಬರು ಸಿಕ್ಕರು. ನನ್ನ ಅಳತೆ ಕೇಳಿ ಕತ್ತರಿ ಕೆಳಗಿಟ್ಟರು.

“ಯಾರಿಗಮ್ಮ ಈ ಅಂಗಿ? ತೋಳೂ ಇಲ್ಲ, ಕತ್ತೂ ಇಲ್ಲ.”

“ಬಾವಲಿಗೆ ಸಾಬ್ರೆ.”

“ಅರೆ ಅಲ್ಲಾ! ಬಾಯಿ ಮೇಲಕ್ಕೆ ಇಡ್ಲಾ, ಕೆಳಕ್ಕೆ ಇಡ್ಲಾ? ಅದು ಉಲ್ಟಾ ಮಲಗೋ ಜಾನ್ವರು.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆದರೆ ಅವರು ಒರಟು ಗಾಡಾ ಬಟ್ಟೆಯಲ್ಲಿ ಎರಡೆರಡು ಹೊಲಿಗೆ ಹಾಕಿ, ಬಾಯಿಗೆ ಲಾಡಿ ಪೋಣಿಸಿ ಕೊಟ್ಟ ಚೀಲಗಳಲ್ಲಿ ಒಂದೂ ಹರಿಯಲಿಲ್ಲ.

ಕೈಕೊಟ್ಟದ್ದು ಬಲೆ. ಕೂದಲಿನಂಥ ತೆಳು ನೈಲಾನಿನ ಬಲೆಯನ್ನು ಬಿದಿರಿನ ಗಳುವಿಗೆ ಕಟ್ಟಿ, ಬಾವಲಿಗಳು ಮೇವಿನಿಂದ ಹಿಂತಿರುಗುವ ಮುಂಜಾವದಲ್ಲಿ ಏರಿಯ ಪಕ್ಕ ನಿಲ್ಲಿಸಿದೆ. ಅವು ನನ್ನ ತಲೆಯ ಮೇಲೆ, ಬಲೆಗಿಂತ ಎಷ್ಟೋ ಎತ್ತರದಲ್ಲಿ, ರೆಕ್ಕೆಯ ಸದ್ದು ಮಾತ್ರ ಕೇಳಿಸುವ ಹಾಗೆ ದಾಟಿ ಹೋದವು. ಒಂದು ವಾರ ಹಾಗೇ ಹೋಯಿತು. ಸಿಕ್ಕಿದ್ದು ಎರಡು ಗೂಬೆ, ಒಂದು ಕೊಕ್ಕರೆ, ಒಂದು ದಿನ ಯಜಮಾನರ ಟವಲ್ಲು. ಕೊನೆಗೆ ಆಲದ ಮರಕ್ಕೆ ಅವು ಬಂದು ಇಳಿಯುವ ದಿಕ್ಕನ್ನು ಕೂತು ನೋಡಿ, ಆ ಹಾದಿಯ ಎರಡು ಬದಿಯ ತೆಂಗಿನ ಮರಗಳನ್ನು ಗುರುತು ಮಾಡಿಕೊಂಡೆ. ತೋಟದಲ್ಲಿ ಕಾಯಿ ಕೀಳುವವನು ಎರಡೂ ಮರ ಹತ್ತಿ, ಸುಳಿಯ ಕೆಳಗೆ ಬಾವಿಯ ರಾಟೆಯಂಥ ಸಣ್ಣ ಗಾಲಿ ಕಟ್ಟಿ, ಹಗ್ಗ ಇಳಿಬಿಟ್ಟ. ನೆಲದ ಮೇಲೆ ನಿಂತು ಬಾವುಟದಂತೆ ಬಲೆ ಏರಿಸಬಹುದು, ಸಿಕ್ಕ ಕೂಡಲೆ ಇಳಿಸಬಹುದು.

“ಸಿಕ್ಕಾಕ್ಕಂಡಿದ್ದು ನನ್ ಮಕಕ್ಕೆ ಬಡುದ್ರೆ ನಿಮ್ಮುನ್ನ ಬುಡಾಕಿಲ್ಲ ಕಣ್ರಮ್ಮ,” ಎಂದ ಅವನು ಮೇಲಿನಿಂದ.

“ನೀನು ಇಳಿದ ಮೇಲೇ ಏರಿಸೋದು ಕಣಪ್ಪ.”

ಮರುದಿನ ಬೆಳಕು ಹರಿಯುವ ಮುಂಚೆ ಬಲೆ ಒಮ್ಮೆಗೇ ಜಗ್ಗಿತು. ಇಳಿಸಿದರೆ ದೊಡ್ಡ ಗಂಡು ಬಾವಲಿ, ಬಲೆಯನ್ನೆಲ್ಲ ಮೈಗೆ ಸುತ್ತಿಕೊಂಡು ಕಿರುಚುತ್ತಿತ್ತು. ಚರ್ಮದ ಕೈಗವಸು ಹಾಕಿದ್ದರೂ ಹೆಬ್ಬೆರಳನ್ನು ಕಚ್ಚಿ ಹಿಡಿಯಿತು. ಬಿಡಿಸಿಕೊಳ್ಳುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಚೀಲಕ್ಕೆ ಹಾಕಿ, ಮೇವು ಕರಗಿ ಹೊಟ್ಟೆ ಖಾಲಿಯಾಗಲಿ ಎಂದು ನೆರಳಿನಲ್ಲಿ ತೂಗುಹಾಕಿ ಕಾದೆ. ಹಣ್ಣು ತುಂಬಿದ ಹೊಟ್ಟೆಯ ಸಮೇತ ತೂಗಿದರೆ ಅದು ಪ್ರಾಣಿಯ ತೂಕವಲ್ಲ. ಆಮೇಲೆ ನನ್ನ ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿದೆ. ಮುಳ್ಳು ಸರಸರ ಇಳಿದು ಕೊನೆಯ ಗೆರೆಗೆ ಬಡಿದು ನಿಂತಿತು. ಅದು ಒಂದು ಕಿಲೋವರೆಗೆ ಮಾತ್ರ ತೂಗುವಂಥದ್ದು. ಬಯಲುಸೀಮೆಯಲ್ಲಿ ಅದಕ್ಕಿಂತ ಭಾರದ್ದು ಸಿಗಬಹುದೆಂದು ಹೊರಡುವಾಗ ನನಗಾಗಲಿ ಪ್ರೊಫೆಸರಿಗಾಗಲಿ ಹೊಳೆದಿರಲಿಲ್ಲ.

ಯಜಮಾನರು ನಗುತ್ತ ಒಳಗಿನಿಂದ ಕೊಬ್ಬರಿ ತೂಗುವ ತಕ್ಕಡಿ ತಂದರು. ಹುಣಸೆ ಹಾಕಿ ಉಜ್ಜಿದ ಹಿತ್ತಾಳೆಯ ತಟ್ಟೆಗಳು, ಕಬ್ಬಿಣದ ತೂಕದ ಬಟ್ಟುಗಳು. ಸಣ್ಣ ಬಟ್ಟುಗಳನ್ನು ನಾನು ತಿಪಟೂರಿನಿಂದ ತರಿಸಿಕೊಂಡೆ. ಒಂದು ತಟ್ಟೆಯಲ್ಲಿ ಚೀಲ, ಇನ್ನೊಂದರಲ್ಲಿ ಬಟ್ಟು. ಗಂಡು ಒಂದು ಕಿಲೋ ಇನ್ನೂರು ಗ್ರಾಂ ಮೇಲೆ ಚೂರು ತೂಗಿತು. ಇಬ್ಬರು ಹಿಡಿದು ಹಲಗೆಯ ಮೇಲೆ ರೆಕ್ಕೆ ಬಿಡಿಸಿದಾಗ ತುದಿಯಿಂದ ತುದಿಗೆ ನಾಲ್ಕಡಿ ದಾಟಿತು. ಮೊಣಕೈಯಿಂದ ಮಣಿಕಟ್ಟಿನವರೆಗಿನ ಮೂಳೆ ಹದಿನೇಳು ಸೆಂಟಿಮೀಟರು.

“ಇಷ್ಟೇನಾ?” ಎಂದರು ಯಜಮಾನರು. ಸಿಪ್ಪೆಯಿರುವ ಒಂದು ತೆಂಗಿನಕಾಯಿಯನ್ನು ತಂದು ಇನ್ನೊಂದು ತಟ್ಟೆಗೆ ಇಟ್ಟರು. ಕಾಯಿಯ ತಟ್ಟೆ ಕೆಳಗಿಳಿಯಿತು. “ತತ್ ಇದರ! ಒಂದು ಕಾಯಿಗಿಂತ ಹಗುರ. ಇಷ್ಟಕ್ಕೆ ಇಷ್ಟು ಆರ್ಭಟ.”

ಮೂಳೆ ಟೊಳ್ಳಲ್ಲದಿದ್ದರೂ ಕಡ್ಡಿಯಷ್ಟು ಸಣ್ಣ, ರೆಕ್ಕೆಯೆಲ್ಲ ಬರಿ ತೊಗಲು, ಭಾರವಿದ್ದರೆ ಹಾರುವುದೆಂತು ಎಂದು ವಿವರಿಸಿದೆ. ಅವರು ಸಮಾಧಾನವಾಗದೆ ಬಾವಲಿಯನ್ನು ಇನ್ನೊಮ್ಮೆ ತೂಗಿಸಿದರು.

ಅಲ್ಲಿಂದ ಕೆಲಸ ಸಾಗಿತು. ಮುಂಜಾನೆ ಬಲೆ, ಆಮೇಲೆ ತೂಕ, ಅಳತೆ, ಕಾಲುಗುರಿಗೆ ಒಂದು ಗುರುತಿನ ಬಣ್ಣ, ಬಿಡುಗಡೆ. ಬಣ್ಣ ಹಚ್ಚುವುದು ಒಂದೇ ಪ್ರಾಣಿಯನ್ನು ಎರಡು ಸಲ ತೂಗದಿರಲಿ ಎಂದು.

ಆದರೆ ನನ್ನ ಮೈ ನನ್ನ ಲೆಕ್ಕವನ್ನು ಕೇಳುತ್ತಿರಲಿಲ್ಲ. ಮಗುವಿಗೆ ಇನ್ನೂ ಮೊಲೆ ಬಿಡಿಸಿರಲಿಲ್ಲ. ಹೊರಟ ದಿನ ಬೆಳಿಗ್ಗೆಯೂ ಕುಡಿಸಿ ಬಂದಿದ್ದೆ. ಬಂದ ಎರಡನೆಯ ದಿನವೇ ಎದೆ ಕಲ್ಲಾಗಿ ಜ್ವರ ಬಂತು. ಯಾರಿಗೂ ಹೇಳದೆ ಬಚ್ಚಲುಮನೆಯಲ್ಲಿ ಹಾಲು ಹಿಂಡಿ ಚೆಲ್ಲುತ್ತಿದ್ದೆ. ಒಂದು ದಿನ ಬಚ್ಚಲಿನಿಂದ ಬರುವಾಗ ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದರು. ನನ್ನ ಸೆರಗು ನೆನೆದಿದ್ದನ್ನು ನೋಡಿದರು.

“ಮಗೀಗೆ ಎಷ್ಟು ತಿಂಗಳವ್ವ?”

“ಹತ್ತು ತುಂಬಿ ಹನ್ನೊಂದು ದೊಡ್ಡಮ್ಮ.”

ಯಾಕೆ ಬಿಟ್ಟು ಬಂದೆ ಎಂದು ಕೇಳುತ್ತಾರೆ ಎಂದು ನಾನು ಉತ್ತರ ಜೋಡಿಸಿಕೊಂಡಿದ್ದೆ. ಅವರು ಸಂಜೆ ಒಂದು ಮೊರದ ತುಂಬ ಮಲ್ಲಿಗೆ ಹೂ ತಂದು ನನ್ನ ಮುಂದಿಟ್ಟರು.

“ಹೂವ ಅರ್‍ದು ಎದೇಗೆ ಕಟ್ಕೊ. ಮೂರ್‍ನಾಕು ದಿನಕ್ಕೆ ಹಾಲು ಇಂಗೋಯ್ತದೆ. ಸುಮ್ನೆ ಯಾಕೆ ನೋವು ತಿಂತೀಯ?”

“ಇಂಗಬಾರದು ದೊಡ್ಡಮ್ಮ. ಹೋದ ಮೇಲೆ ಕುಡಿಸಬೇಕು.”

ದೊಡ್ಡಮ್ಮ ಹೂವಿನ ಮೊರವನ್ನು ತಿರುಗಿ ತೆಗೆದುಕೊಂಡರು. ಅರ್ಧ ಮಾಲೆ ಕಟ್ಟಿ ನನಗೆ ಮುಡಿಸಿದರು, ಉಳಿದರ್ಧ ದೇವರಿಗೆ ಹಾಕಿದರು. ಮರುದಿನದಿಂದ ಒಂದು ಹಿತ್ತಾಳೆ ಲೋಟ ಕೊಟ್ಟು, “ಬಚ್ಚಲಿಗೆ ಚೆಲ್ಬ್ಯಾಡ, ಯಾರೂ ತುಳೀದಿರೋ ಕಡೆ ಹಾಕು,” ಎಂದರು. ಹಿತ್ತಲಿನ ಮಲ್ಲಿಗೆ ಬಳ್ಳಿಯ ಬುಡಕ್ಕೆ ಹಾಕುತ್ತಿದ್ದೆ. ದಿನಕ್ಕೆ ನಾಲ್ಕು ಸಲ, ಬಲೆಯ ಹೊತ್ತನ್ನು ನೋಡಿಕೊಂಡು, ಮಗು ಕುಡಿಯುವ ಹೊತ್ತಿಗೇ ಹಿಂಡುತ್ತಿದ್ದೆ. ಮೈಗೆ ಮರೆವು ಬರಬಾರದು ಎಂಬುದೊಂದೇ ನನ್ನ ಹಟ.

ತಿಂಗಳು ಕಳೆಯುವಷ್ಟರಲ್ಲಿ ಬಲೆಗೆ ಬೀಳುವ ಹೆಣ್ಣುಗಳ ಎದೆಯಲ್ಲಿ ಮರಿ ಕಾಣಿಸತೊಡಗಿತು. ಬಾವಲಿ ವರ್ಷಕ್ಕೆ ಒಂದೇ ಮರಿ ಹಾಕುತ್ತದೆ. ಮೊದಮೊದಲು ಮರಿಯನ್ನು ಮರದಲ್ಲಿ ಬಿಡುವುದಿಲ್ಲ. ಎದೆಗೆ ಕಚ್ಚಿಸಿಕೊಂಡೇ ಮೇವಿಗೆ ಹೋಗುತ್ತದೆ. ತಾಯಿಯ ಕಂಕುಳ ಹತ್ತಿರದ ತೊಟ್ಟನ್ನು ಮರಿ ಬಾಯಲ್ಲಿ ಹಿಡಿದುಕೊಂಡಿರುತ್ತದೆ, ಕಾಲುಗುರುಗಳನ್ನು ತಾಯಿಯ ಕೂದಲಿಗೆ ಸಿಕ್ಕಿಸಿಕೊಂಡಿರುತ್ತದೆ. ಹಾರುವಾಗ ಕಳಚಿ ಬೀಳದಿರಲೆಂದು ಅದರ ಹಾಲುಹಲ್ಲುಗಳೇ ಹಿಂದಕ್ಕೆ ಬಾಗಿದ ಕೊಕ್ಕೆಗಳು.

ಇಲ್ಲಿ ನನ್ನ ಲೆಕ್ಕ ಕಷ್ಟಕ್ಕಿಟ್ಟುಕೊಂಡಿತು. ತಾಯಿಯ ತೂಕ ಬೇಕು ಎಂದರೆ ಮರಿಯನ್ನು ಬಿಡಿಸಬೇಕು. ಬಿಡಿಸಲು ಮರಿಯ ಬಾಯಿಯ ಮೂಲೆಯಲ್ಲಿ ಕಿರುಬೆರಳು ತೂರಿಸಿ ಮೆಲ್ಲಗೆ ಹಲ್ಲು ಸಡಿಲಿಸಬೇಕು. ಮಗುವಿಗೆ ಹಾಲು ಕುಡಿಸಿದ ಹೆಂಗಸರಿಗೆಲ್ಲ ಆ ಬೆರಳಾಟ ಗೊತ್ತು. ಮೊದಲ ಸಲ ಹಾಗೆ ಮಾಡಿದಾಗ ಮರಿ ಚಿಲಿಚಿಲಿ ಎಂದು ಅತ್ತಿತು. ಆ ದನಿಗೆ ನನ್ನ ಎದೆಯಲ್ಲಿ ಹಾಲು ಚಿಮ್ಮಿ ರವಿಕೆ ನೆನೆಯಿತು. ಕಾಯಿ ಕೀಳುವವನು ಎದುರಿಗೇ ಹಗ್ಗ ಸುತ್ತುತ್ತ ಕೂತಿದ್ದ. ಮೆಲ್ಲಗೆ ಎದ್ದು ಕೆರೆಯ ಕಡೆ ತಿರುಗಿ ಕೂತ. ತಾಯಿ ಎಂಟುನೂರೈವತ್ತು ಗ್ರಾಂ, ಮರಿ ನೂರ ಎಪ್ಪತ್ತು ಎಂದು ಬರೆದೆ. ಮತ್ತೆ ಮರಿಯನ್ನು ತಾಯಿಯ ಎದೆಗೆ ಹಿಡಿದಾಗ ಅದು ಕಣ್ಣು ಮುಚ್ಚಿಕೊಂಡೇ ತೊಟ್ಟು ಹುಡುಕಿ ಕಚ್ಚಿತು. ತಾಯಿ ಒಂದು ರೆಕ್ಕೆಯನ್ನು ಅದರ ಮೇಲೆ ಮುಚ್ಚಿತು. ಅಷ್ಟು ಹೊತ್ತು ಕಚ್ಚಲು ಹವಣಿಸುತ್ತಿದ್ದ ಪ್ರಾಣಿ ಸುಮ್ಮನಾಗಿಬಿಟ್ಟಿತು.

ಯುಗಾದಿಗೆ ಮುಂಚೆ ತಿಪಟೂರಿನ ಅಂಚೆ ಕಚೇರಿಗೆ ಹೋಗಿ ಮೈಸೂರಿಗೆ ಟ್ರಂಕ್ ಕಾಲ್ ಹಾಕಿಸಿದೆ. ನಮ್ಮ ಮನೆಯಲ್ಲಿ ಫೋನಿಲ್ಲ, ಪಕ್ಕದ ಮನೆಯವರದ್ದು. ಬಹಳ ಹೊತ್ತು ಕಾದ ಮೇಲೆ ಅಮ್ಮನ ದನಿ ಕೇಳಿತು.

“ನಿನ್ನೆ ಗೋಡೆ ಹಿಡಿದುಕೊಂಡು ನಿಂತಳು ಕಣೇ. ಎರಡು ಹೆಜ್ಜೆ ಇಟ್ಟು ಕೂತ್ಕೊಂಡ್ಲು.”

“ನನ್ನನ್ನು ಹುಡುಕುತ್ತಾಳಾ?”

ಅಮ್ಮ ತಡೆದು ಹೇಳಿದಳು: “ಮೊದಲು ಹುಡುಕ್ತಿದ್ಲು. ಈಗ ಪರವಾಗಿಲ್ಲ. ನೀನು ಯೋಚನೆ ಮಾಡಬೇಡ.”

ಸಮಾಧಾನಕ್ಕೆ ಹೇಳಿದ ಮಾತು. ಅದನ್ನು ಹಿಡಿದುಕೊಂಡೇ ನಾನು ಬಸ್ಸಿನಲ್ಲಿ ಬಿಳಿಗೆರೆವರೆಗೂ ಅತ್ತೆ. ಮಗುವನ್ನು ಫೋನಿನ ಹತ್ತಿರ ಹಿಡಿದಿದ್ದರು. ಅದರ ಉಸಿರಾಟ ಕೇಳಿಸಿತ್ತು, ಮಾತೇನೂ ಬಂದಿರಲಿಲ್ಲ.

ಹಬ್ಬ ಕಳೆದು, ಬಂದೂಕಿನವರು ಬರುವ ದಿನ ಗೊತ್ತಾಯಿತು. ಮಗಳ ಹುಟ್ಟುಹಬ್ಬಕ್ಕೆ ನಾಲ್ಕು ದಿನ ಮುಂಚೆ. ಅದೇ ವಾರ ನಮ್ಮ ಪ್ರೊಫೆಸರು ಜೀಪಿನಲ್ಲಿ ಬಂದರು. ಅದುವರೆಗಿನ ಅಂಕಿಗಳನ್ನು ನೋಡಿ ತಲೆದೂಗಿದರು. ಆದರೆ ಬೇಕಾದುದರಲ್ಲಿ ಅರ್ಧವೂ ಆಗಿರಲಿಲ್ಲ. ಇಪ್ಪೆ ಹೂವಿನ ಕಾಲ ಬಂದು ಬಾವಲಿಗಳು ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡಗಳತ್ತ ಮೇವಿಗೆ ಹೋಗುತ್ತಿದ್ದವು; ಮರಕ್ಕೆ ಹಿಂತಿರುಗುವ ಹಾದಿಯೂ ಬದಲಾಗಿತ್ತು. ಬಲೆಗೆ ಕೆಲವು ದಿನ ಒಂದೂ ಬೀಳುತ್ತಿರಲಿಲ್ಲ.

ಜಗಲಿಯ ಮೇಲೆ ಕಾಫಿ ಕುಡಿಯುತ್ತ ಅವರೆಂದರು: “ನೋಡಮ್ಮ, ಯಜಮಾನರು ಹೇಗೂ ಹೊಡೆಸ್ತಾರೆ. ಒಂದೇ ಬೆಳಿಗ್ಗೆ ನಿನಗೆ ಬೇಕಾದಷ್ಟು ಸಿಕ್ಕಿಬಿಡುತ್ತೆ. ತೂಗಿ, ಅಳೆದು, ಹತ್ತು ಚರ್ಮ, ತಲೆಬುರುಡೆ ತೆಗೆದುಕೊಂಡು ನನ್ನ ಜೊತೆಗೇ ಬಂದುಬಿಡು. ಮಗುವಿನ ಹುಟ್ಟುಹಬ್ಬಕ್ಕೆ ಮನೇಲಿರ್‍ತೀಯ.”

“ಮರಿಗಳಿವೆ ಸಾರ್.”

“ಗುಂಡು ನಾವು ಹೊಡೆಸ್ತಿಲ್ಲವಲ್ಲ?”

ಅದು ನಿಜ. ನಾನು ಬೇಡ ಎಂದರೂ ಅವು ಸಾಯುತ್ತಿದ್ದವು. ಸತ್ತ ಮೇಲೆ ತೂಗಿದರೆ ಅವಕ್ಕೇನು ನಷ್ಟ? ಒಳಗೆ ಹೋಗಿ ಸೀರೆಗಳನ್ನು ಮಡಿಸಿ ಟ್ರಂಕಿಗೆ ಹಾಕಿದೆ. ಮೈಸೂರಿನ ಮನೆಯ ಬಾಗಿಲು, ನಡುಮನೆಯ ತೊಟ್ಟಿಲು, ಮಗುವಿನ ಕತ್ತಿನ ಮಡಿಕೆಯ ಪೌಡರಿನ ವಾಸನೆ, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಪ್ರೊಫೆಸರು ಅರಸೀಕೆರೆಯಲ್ಲಿ ಒಂದು ಕೆಲಸ ಮುಗಿಸಿ ಬಂದೂಕಿನ ದಿನ ಬರುತ್ತೇನೆ ಎಂದು ಹೊರಟರು.

ಮರುದಿನ ಮುಂಜಾನೆ ಬಲೆಗೆ ಮರಿ ಹೊತ್ತ ಒಂದು ಹೆಣ್ಣು ಬಿತ್ತು. ಇಳಿಸುವಾಗ ಹಗ್ಗ ಗಾಲಿಗೆ ಸಿಕ್ಕಿಕೊಂಡು ಬಲೆ ಓರೆಯಾಯಿತು. ತಾಯಿ ಕಿತ್ತುಕೊಂಡು ಹಾರಿಹೋಯಿತು. ಮರಿಯ ಉಗುರುಗಳು ಮಾತ್ರ ಬಲೆಯ ನೂಲಿಗೆ ಸಿಕ್ಕಿಕೊಂಡು ಅದು ಅಲ್ಲೇ ಉಳಿಯಿತು. ಬಿಡಿಸಿ ಅಂಗೈಯಲ್ಲಿಟ್ಟುಕೊಂಡೆ. ಬೆಚ್ಚಗಿತ್ತು, ಬಾಯಿ ತೆರೆದುಕೊಂಡೇ ಇತ್ತು. ಬೆಳಕಾಗತೊಡಗಿತ್ತು, ಉಳಿದ ಬಾವಲಿಗಳೆಲ್ಲ ಮರಕ್ಕೆ ಇಳಿದಾಗಿತ್ತು. ಒಂದು ಮಾತ್ರ ನಮ್ಮ ತಲೆಯ ಮೇಲೆ ಸುತ್ತು ಹಾಕುತ್ತಿತ್ತು. ಕಾಗೆಗಳು ಅದನ್ನು ಅಟ್ಟಿಸಿಕೊಂಡು ಬಂದವು. ಅದು ತಪ್ಪಿಸಿಕೊಂಡು ಮತ್ತೆ ಬಂತು.

“ಅವ್ವ ಕಣ್ರಮ್ಮ ಅದು,” ಎಂದ ಕಾಯಿ ಕೀಳುವವನು.

ಮರಿಯನ್ನು ಆಲದ ಒಂದು ಬಾಗಿದ ಕೊಂಬೆಗೆ ಕಾಲುಗುರು ಸಿಕ್ಕಿಸಿ ತೂಗುಬಿಟ್ಟು, ಹಿಂದೆ ಸರಿದು ತೆಂಗಿನ ಮರದ ಮರೆಗೆ ನಿಂತೆವು. ಮರಿ ಅಳುತ್ತಿತ್ತು. ಸೂರ್ಯ ಏರಿಯ ಮೇಲೆ ಬಂದ. ಹಗಲಿನಲ್ಲಿ ಹಾರಲು ಹೆದರುವ ಪ್ರಾಣಿ. ಆದರೂ ಸುತ್ತುವುದನ್ನು ಬಿಡಲಿಲ್ಲ. ಕೊನೆಗೆ ಮೇಲಿನ ಕೊಂಬೆಗೆ ಬಡಿದು ಹಿಡಿದುಕೊಂಡು, ಅಲ್ಲಿಂದ ಹೆಬ್ಬೆರಳಿನ ಕೊಕ್ಕೆ ಊರುತ್ತ, ಒಂದೊಂದೇ ಕೊಂಬೆ ದಾಟುತ್ತ ಕೆಳಗೆ ಬಂತು. ಮರಿಯನ್ನು ಮೂಸಿ ನೋಡಿತು. ಮುಖವನ್ನು ನೆಕ್ಕಿತು. ಆಮೇಲೆ ಎದೆಗೆ ಎಳೆದುಕೊಂಡು ಅಷ್ಟೇ ನಿಧಾನವಾಗಿ ಮೇಲಕ್ಕೆ ಹತ್ತಿಹೋಯಿತು.

ನಾನು ಮನೆಗೆ ಬಂದು ಟ್ರಂಕಿನಿಂದ ಸೀರೆಗಳನ್ನು ಹೊರಗೆ ತೆಗೆದೆ. ಇದನ್ನು ಧೈರ್ಯ ಎಂದು ಯಾರಾದರೂ ಅಂದರೆ ನನಗೆ ಒಪ್ಪಿಗೆಯಿಲ್ಲ. ಆ ಮರದ ಕೆಳಗೆ ಬಿದ್ದ ಹೆಣಗಳ ಎದೆಯಿಂದ ಬದುಕಿರುವ ಮರಿಗಳನ್ನು ಬೆರಳು ತೂರಿಸಿ ಬಿಡಿಸಲು ನನ್ನ ಕೈಲಿ ಆಗುವುದಿಲ್ಲ ಎಂದು ಗೊತ್ತಾಯಿತು, ಅಷ್ಟೆ.

ಯಜಮಾನರು ತೋಟದಿಂದ ಬಂದು ಜಗಲಿಯಲ್ಲಿ ಕೂತಿದ್ದರು. “ಯಜಮಾನ್ರೆ, ಬಂದೂಕಿನವರನ್ನು ಈಗ ಬೇಡ ಅನ್ನಿ. ಮರಿಗಳು ಹಾರುವವರೆಗೆ ತಡೀರಿ.”

“ಏನ್ ಮೇಡಮ್ಮ ನೀವು? ನಿಮ್ ಕೆಲ್ಸಾನೂ ಆಯ್ತದೆ, ನಂದೂ ಆಯ್ತದೆ ಅಂತ ನಿಮ್ ಸಾಹೇಬ್ರೇ ಅಂದ್ರು.”

“ನನ್ನ ಕೆಲಸ ಬಲೆಯಲ್ಲೇ ಮುಗಿಸ್ತೀನಿ. ನಿಮ್ಮ ಸಪೋಟ ಗಿಡಗಳ ಸುತ್ತ ಸಂಜೆ ನಾವೇ ಡಬ್ಬ ಬಡಿದು ಕಾಯ್ತೀವಿ.”

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು: “ಅಲ್ಲ ಕಣ್ರಮ್ಮ, ನಿಮ್ ಮಗೀನ ಬುಟ್ಟು ಬಂದು, ಇವುಗಳ ಮಕ್ಳು ಕಾಯ್ಕಂಡು ಕೂತ್ಕಂತೀರಾ?”

ನಾನು ಸೆರಗನ್ನು ಎದೆಯ ಮೇಲೆ ಎಳೆದುಕೊಂಡೆ.

ದೊಡ್ಡಮ್ಮ ಹೊಸಲಿನ ಒಳಗೆ ರಾಗಿ ಕೇರುತ್ತಿದ್ದರು. ಮೊರ ಆಡಿಸುವುದನ್ನು ನಿಲ್ಲಿಸದೆ ಹೇಳಿದರು: “ಮರಿ ಬಾಯಾಗೆ ಮೊಲೆ ಇರೋ ಜೀವ ಹೊಡುಸ್ಬ್ಯಾಡಿ. ಹೊಡ್ಸಿದ್ರೆ ಆವತ್ತು ಈ ಮನ್ಯಾಗೆ ಒಲೆ ಹತ್ಸೋಳು ನಾನಲ್ಲ.”

“ನೀನ್ ಸುಮ್ಕಿರು. ಸಪೋಟ ಹೋದ್ರೆ ನಿಂಗೇನು?”

“ಹೋಗ್ಲಿ ಬುಡಿ. ನಾನೇನ್ ಸಪೋಟ ಹೆತ್ತಿದೀನಾ?”

ಯಜಮಾನರು ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. ಮೆಟ್ಟಿಲಿಳಿದ ಮೇಲೆ ತಿರುಗಿ ನಿಂತು, “ಮುಂಗಾರು ಮಳೆ ಬೀಳೋಗಂಟ. ಆಮ್ಯಾಕೆ ನನ್ನ ಏನೂ ಕೇಳ್ಬ್ಯಾಡಿ,” ಎಂದರು.

ಪ್ರೊಫೆಸರು ಬಂದಾಗ ಬಂದೂಕೂ ಇರಲಿಲ್ಲ, ಚರ್ಮವೂ ಇರಲಿಲ್ಲ. ಬೈಯಲಿಲ್ಲ. “ಅರವತ್ತು ತುಂಬದೆ ನಿನ್ನನ್ನು ಕರೆಸಿಕೊಳ್ಳೋಕೆ ಆಗಲ್ಲಮ್ಮ. ಮೇಲಿನವರಿಗೆ ನಾನು ಏನು ಹೇಳಲಿ?” ಎಂದರು. ಜೀಪು ಧೂಳೆಬ್ಬಿಸಿಕೊಂಡು ಏರಿಯ ಮೇಲೆ ಹೋಯಿತು. ಅದರಲ್ಲಿ ನನಗೊಂದು ಜಾಗವಿತ್ತು.

ಹುಟ್ಟುಹಬ್ಬದ ದಿನ ಮುಂಜಾನೆ ಬಲೆಗೆ ಮೂರು ಬಿದ್ದವು. ಮೂರೂ ಗಂಡು. ಅದರಲ್ಲೊಂದು ಒಂದು ಕಿಲೋ ನಾನೂರು ಗ್ರಾಂ ಹತ್ತಿರ ತೂಗಿತು; ಅದಕ್ಕಿಂತ ಭಾರದ್ದು ನನಗೆ ಆಮೇಲೂ ಸಿಗಲಿಲ್ಲ. ದೊಡ್ಡಮ್ಮ ಪಾಯಸ ಮಾಡಿದ್ದರು. ಯಾಕೆಂದು ಯಜಮಾನರು ಕೇಳಲಿಲ್ಲ, ಎರಡು ಸಲ ಹಾಕಿಸಿಕೊಂಡರು.

ಬೇಸಿಗೆ ಬಲಿಯಿತು. ಹಾದಿ ಬದಲಿಸಿದ ಬಾವಲಿಗಳ ಹಿಂದೆ ನಾವೂ ಬಲೆಯನ್ನು ಮರದಿಂದ ಮರಕ್ಕೆ ಬದಲಿಸಿದೆವು. ಒಂದು ವಾರ ಕಂದಿಕೆರೆ ಕಡೆಯ ಇಪ್ಪೆ ತೋಪಿನಲ್ಲಿ ಕಟ್ಟಿ ಬಂದೆವು. ಸಂಜೆ ಕತ್ತಲಾಗುವವರೆಗೆ ಸಪೋಟ ಗಿಡಗಳ ಸುತ್ತ ಡಬ್ಬ ಬಡಿದೆ. ಯಜಮಾನರೇ ಒಂದು ದಿನ ಬಂದು, “ಸಾಕು ಬುಡ್ರಮ್ಮ, ಕಿವಿ ತೂತು ಬಿತ್ತು,” ಎಂದು ಡಬ್ಬ ಕಿತ್ತುಕೊಂಡರು. ಮರಿಗಳು ಬೆಳೆದವು. ತೂಕ ತಾಯಿಯ ಕಾಲುಭಾಗ ದಾಟಿದ ಮೇಲೆ ಹೊರಲಾರದೆ ತಾಯಿಯರು ಅವನ್ನು ಮರದಲ್ಲೇ ಬಿಟ್ಟು ಮೇವಿಗೆ ಹೋಗತೊಡಗಿದವು. ಸಂಜೆ ಮರ ಖಾಲಿಯಾದ ಮೇಲೆ ಕೊಂಬೆಗಳಲ್ಲಿ ಮರಿಗಳು ಮಾತ್ರ ಉಳಿದು, ಒಂದನ್ನೊಂದು ಹಿಡಿದುಕೊಂಡು ರೆಕ್ಕೆ ಬಡಿಯುವುದನ್ನು ಕಲಿಯುತ್ತಿದ್ದವು. ಮೊದಲು ಹಿಡಿ ಬಿಡದೆ ಬಡಿಯುವುದು, ಆಮೇಲೆ ಒಂದು ಕ್ಷಣ ಬಿಟ್ಟು ಮತ್ತೆ ಹಿಡಿಯುವುದು. ನಾನು ಏರಿಯ ಮೇಲೆ ಕೂತು ನೋಡುತ್ತಿದ್ದೆ. ಮೈಸೂರಿನಲ್ಲಿ ಗೋಡೆ ಬಿಟ್ಟು ನಡೆಯುವುದನ್ನು ಯಾರು ನೋಡುತ್ತಿದ್ದಾರೋ ಎಂದುಕೊಳ್ಳುತ್ತಿದ್ದೆ.

ಹಾಲು ಕಡಿಮೆಯಾಗುತ್ತ ಬಂತು. ಲೋಟದ ಅರ್ಧ, ಆಮೇಲೆ ತಳ. ಎಷ್ಟು ಹಿಂಡಿದರೂ ಕೆಲವೇ ಹನಿ. ಒಂದು ಬೆಳಿಗ್ಗೆ ಹನಿಯೂ ಬರಲಿಲ್ಲ. ಖಾಲಿ ಲೋಟ ಹಿಡಿದು ಹಿತ್ತಲಿನಲ್ಲಿ ನಿಂತಿದ್ದೆ. ದೊಡ್ಡಮ್ಮ ಬಂದು ಲೋಟ ತೆಗೆದುಕೊಂಡು ಬೂದಿ ಹಾಕಿ ತಿಕ್ಕಿ, ಗೂಡಿನಲ್ಲಿ ಬೋರಲಿಟ್ಟರು. “ಇಷ್ಟು ದಿನ ಬಂದಿದ್ದೇ ಹೆಚ್ಚು ಕಣವ್ವ,” ಎಂದರು.

ಮೊದಲ ಮಳೆಗೆ ಮುಂಚೆ ಅರವತ್ತು ತುಂಬಿತು. ಸತ್ತದ್ದು ಒಂದು ಮಾತ್ರ, ಬಲೆಯಲ್ಲಿ ಕುತ್ತಿಗೆ ಸಿಕ್ಕಿಕೊಂಡ ಮುದಿ ಗಂಡು. ಗಂಡುಗಳ ತೂಕ ಒಂದು ಪಟ್ಟಿ, ಹೆಣ್ಣುಗಳದ್ದು ಇನ್ನೊಂದು, ಮರಿ ಸಮೇತ ತಾಯಿಯದ್ದು ಮತ್ತೊಂದು ಎಂದು ಬೇರೆ ಬೇರೆ ಮಾಡಿಕೊಟ್ಟೆ. ನನ್ನ ಹುದ್ದೆಯೂ ಆಮೇಲೆ ಖಾಯಂ ಆಯಿತು. ಆ ವರ್ಷ ಮುಂಗಾರು ಬಿದ್ದ ಮೇಲೆ ಯಜಮಾನರು ತಾವು ಹೇಳಿದ ಹಾಗೆ ಒಂದು ಬೆಳಿಗ್ಗೆ ಬಂದೂಕಿನವರನ್ನು ಕರೆಸಿದರಂತೆ. ಕೆಲವು ಬಿದ್ದವು, ಉಳಿದವು ಎದ್ದು ಗುಡ್ಡದ ಕಡೆ ಹೋದವು, ದೀಪಾವಳಿಯ ಹೊತ್ತಿಗೆ ಮತ್ತೆ ಅದೇ ಮರಕ್ಕೆ ಬಂದವು ಎಂದು ಟೈಲರ್ ಸಾಹೇಬರು ಮುಂದೊಮ್ಮೆ ಸಿಕ್ಕಾಗ ಹೇಳಿದರು.

ಮೈಸೂರಿನ ಮನೆ ತಲುಪಿದಾಗ ಮಧ್ಯಾಹ್ನ. ನನ್ನ ತಂಗಿ ಕಿಟಕಿಯಿಂದ ನೋಡಿ, “ಅಕ್ಕ ಬಂದ್ಲು, ಅಕ್ಕ ಬಂದ್ಲು,” ಎಂದು ಕೂಗಿದಳು. ತಮ್ಮ ಓಡಿ ಬಂದು ಟ್ರಂಕು ಹಿಡಿದುಕೊಂಡ. ಮಗಳು ನಡುಮನೆಯಲ್ಲಿ ನಿಂತಿದ್ದಳು, ಗೋಡೆಯಿಂದ ದೂರ, ಯಾರೂ ಹಿಡಿಯದೆ. ಕೂದಲು ಬೆಳೆದು ಕಣ್ಣಿಗೆ ಬೀಳುತ್ತಿತ್ತು. ನಾನು ಚಪ್ಪಲಿ ಬಿಡುವುದನ್ನೂ ಮರೆತು ಕೈ ಚಾಚಿದೆ. ಅವಳು ನನ್ನನ್ನು ನೋಡಿದಳು, ತಿರುಗಿ ನಡೆದುಹೋಗಿ ಅಮ್ಮನ ಸೀರೆಯ ಮಡಿಕೆಯಲ್ಲಿ ಮುಖ ಹುದುಗಿಸಿದಳು.

“ಹೊಸಬರು ಅಂದ್ಕೊಂಡಿದಾಳೆ ಕಣೇ. ಎರಡು ದಿನ, ಸರಿಹೋಗ್ತಾಳೆ,” ಎಂದಳು ಅಮ್ಮ. ಅಮ್ಮನ ಕಣ್ಣು ತುಂಬಿತ್ತು.

ನಾನು ಅವಸರ ಮಾಡಲಿಲ್ಲ. ಅದೇ ಕೋಣೆಯಲ್ಲಿ ನೆಲದ ಮೇಲೆ ಕೂತು ಅಕ್ಕಿ ಆರಿಸುವುದು, ಬಟ್ಟೆ ಮಡಿಸುವುದು ಮಾಡುತ್ತಿದ್ದೆ. ಮಗಳು ದಿನಕ್ಕೊಂದು ಮಾರು ಹತ್ತಿರ ಬಂದಳು. ಎದೆಗೆ ಅವಚಿಕೊಳ್ಳಬೇಕು ಎಂದು ಕೈ ತುಡಿಯುತ್ತಿತ್ತು, ಸೆರಗಿನೊಳಗೆ ಮಡಚಿಟ್ಟುಕೊಂಡಿರುತ್ತಿದ್ದೆ. ಒಂದು ಸಂಜೆ ತಾನಾಗಿಯೇ ಬಂದು, ಕೈಯಲ್ಲಿದ್ದ ಅರ್ಧ ಕಚ್ಚಿದ ಬಿಸ್ಕತ್ತನ್ನು ನನ್ನ ಬಾಯಿಗೆ ಹಿಡಿದಳು. ನಾನು ಬಾಯಿ ತೆರೆದೆ.

“ಅಕ್ಕ,” ಎಂದಳು.

ಮನೆಯವರೆಲ್ಲ ನಕ್ಕರು. ನನ್ನ ತಮ್ಮ, ತಂಗಿ ಇಡೀ ದಿನ ನನ್ನನ್ನು ಹಾಗೆ ಕರೆಯುವುದನ್ನು ಕೇಳಿ ಕಲಿತಿದ್ದಳು. ಅಮ್ಮ ಅವಳ ಗಲ್ಲ ಹಿಡಿದು, “ಅಕ್ಕ ಅಲ್ಲ ಪುಟ್ಟ, ಅಮ್ಮ. ಅಮ್ಮ ಅನ್ನು,” ಎಂದಳು.

ಮಗು ತಲೆಯಾಡಿಸಿತು. ಅಜ್ಜಿಯ ಎದೆಯ ಮೇಲೆ ಕೈಯಿಟ್ಟು, “ಅಮ್ಮ,” ಎಂದಿತು. ನನ್ನ ಕಡೆ ತಿರುಗಿ, “ಅಕ್ಕ,” ಎಂದು ಎರಡೂ ಕೈ ಚಾಚಿತು.

ನಾನು ಎತ್ತಿಕೊಂಡೆ. ಅಮ್ಮ ಇನ್ನೊಮ್ಮೆ ತಿದ್ದಲು ಹೊರಟಳು. “ಇರಲಿ ಬಿಡಮ್ಮ,” ಎಂದೆ. ಮಗಳಿಗೆ ಈಗ ಅವಳದೇ ಮಕ್ಕಳಿದ್ದಾರೆ. ಇವತ್ತಿಗೂ ನನ್ನನ್ನು ಅಕ್ಕ ಎಂದೇ ಕರೆಯುತ್ತಾಳೆ.